ಚಳಿಗಾಲದ ರೇಂಜ್ ಎಷ್ಟೆಂದು ಕಂಪನಿಗಳೇ ಬರೆಯಲಿ

ಮಾನ್ಯ ಸಂಪಾದಕರೇ,

‘ಚಳಿ ಬಿದ್ದರೆ ಎಲೆಕ್ಟ್ರಿಕ್ ಕಾರಿನ ರೇಂಜ್ (ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ಅರ್ಧಕ್ಕೆ ಇಳಿಯುತ್ತದೆ’ ಎಂಬ ಮಾತು ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಎಷ್ಟು ಚಳಿ, ಎಷ್ಟು ದೂರದ ಓಡಾಟ, ಹೀಟರ್ ಹಾಕಿದ್ದರೋ ಇಲ್ಲವೋ ಎಂಬುದನ್ನು ಹೇಳುವವರು ಕಡಿಮೆ. ಅದಿಲ್ಲದೆ ಆ ‘ಅರ್ಧ’ದಿಂದ ಕಾರು ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ.

ಅಮೆರಿಕದ ವಾಹನ ಸವಾರರ ಸಂಸ್ಥೆ ‘ಎಎಎ’ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಪರೀಕ್ಷಿಸಿತ್ತು. ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಟರ್ ಹಾಕಿಕೊಂಡು ಓಡಿಸಿದಾಗ ರೇಂಜ್ ಸರಾಸರಿ ಶೇ 41ರಷ್ಟು ಇಳಿಯಿತು. ಜಾಸ್ತಿ ಸುದ್ದಿಯಾಗಿದ್ದು ಈ ಅಂಕಿಯೇ. ಅದೇ ಚಳಿಯಲ್ಲಿ ಹೀಟರ್ ಆಫ್ ಮಾಡಿ ಓಡಿಸಿದಾಗ ಇಳಿದಿದ್ದು ಶೇ 12 ಮಾತ್ರ. ಅಂದರೆ ರೇಂಜಿನ ದೊಡ್ಡ ಪಾಲು ಹೋಗಿದ್ದು ಒಳಗೆ ಕೂತವರನ್ನು ಬೆಚ್ಚಗಿಡುವುದಕ್ಕೆ.

ಪೆಟ್ರೋಲ್ ಕಾರಿನಲ್ಲಿ ಈ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಸುಟ್ಟ ಇಂಧನದ ಬಹುಪಾಲು ಹೇಗೂ ಶಾಖವಾಗಿ ಪೋಲಾಗುತ್ತದೆ. ಅದರಲ್ಲೇ ಒಂದಿಷ್ಟನ್ನು ಒಳಕ್ಕೆ ತಿರುಗಿಸಿದರೆ ಹೀಟರ್ ಬಿಟ್ಟಿ! ಎಲೆಕ್ಟ್ರಿಕ್ ಮೋಟಾರು ಅಷ್ಟು ಪೋಲು ಮಾಡುವುದಿಲ್ಲ, ಹಾಗಾಗಿ ಶಾಖವನ್ನು ಬ್ಯಾಟರಿಯಿಂದಲೇ ಹುಟ್ಟಿಸಬೇಕು. ಅಂದಹಾಗೆ ಪೆಟ್ರೋಲ್ ಕಾರಿನ ಮೈಲೇಜೂ ಚಳಿಯಲ್ಲಿ ಇಳಿಯುತ್ತದೆ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ, ನಗರದ ಓಡಾಟದಲ್ಲಿ ಮೈನಸ್ 7 ಡಿಗ್ರಿಗೆ ಸುಮಾರು ಶೇ 15ರಷ್ಟು. ಅದನ್ನು ಯಾರೂ ಸುದ್ದಿ ಮಾಡುವುದಿಲ್ಲ, ಅಲ್ವಾ?

ಹೀಟರ್ ಜಾಸ್ತಿ ಕರೆಂಟು ಎಳೆಯುವುದು ಮೊದಲ ಕೆಲವು ನಿಮಿಷಗಳಲ್ಲಿ. ತಣ್ಣಗಿರುವ ಗಾಜು, ಸೀಟು, ಗಾಳಿ ಎಲ್ಲವನ್ನೂ ಬಿಸಿ ಮಾಡಲು ಹಲವು ಕಿಲೋವ್ಯಾಟ್ ಬೇಕು. ಒಮ್ಮೆ ಬೆಚ್ಚಗಾದ ಮೇಲೆ ಅದನ್ನು ಹಾಗೇ ಉಳಿಸಿಕೊಳ್ಳಲು ತುಂಬಾ ಕಡಿಮೆ ಸಾಕು. ಹಾಗಾಗಿ ನಾಲ್ಕೈದು ಕಿಲೋಮೀಟರ್ ಹೋಗಿ, ನಿಲ್ಲಿಸಿ, ಕಾರು ತಣ್ಣಗಾದ ಮೇಲೆ ಮತ್ತೆ ಹೊರಡುವವರಿಗೆ ಹೊಡೆತ ಜೋರು. ಒಂದೇ ಸಮನೆ ದೂರ ಹೋಗುವವರಿಗೆ ಅಷ್ಟಿಲ್ಲ. ಒಂದೇ ಕಾರು, ಒಂದೇ ಚಳಿ, ಆದರೂ ಇಬ್ಬರು ಎರಡು ಬೇರೆ ಅಂಕಿ ಹೇಳುವುದು ಇದಕ್ಕೇ.

ಬ್ಯಾಟರಿಯ ಪಾಲೂ ಇದೆ. ಚಳಿಯಲ್ಲಿ ಅದರೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಸೊನ್ನೆಗಿಂತ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಒಳಗೆ ಲೀಥಿಯಂ ಲೋಹದ ಪದರ ಕಟ್ಟಿ ಹಾಳಾಗುವ ಭಯ. ಅದಕ್ಕೇ ಕಾರು ತಾನೇ ಚಾರ್ಜಿಂಗ್ ನಿಧಾನ ಮಾಡುತ್ತದೆ. ಬ್ರೇಕ್ ಹಾಕಿದಾಗ ವಾಪಸ್ ಬರುವ ಕರೆಂಟೂ ಕಡಿಮೆಯಾಗುತ್ತದೆ. 2024ರ ಜನವರಿಯಲ್ಲಿ ಶಿಕಾಗೋದ ಚಾರ್ಜಿಂಗ್ ಸ್ಟೇಷನ್‌ಗಳ ಮುಂದೆ ಕಾರುಗಳು ಸಾಲುಗಟ್ಟಿದ್ದಕ್ಕೆ ಹೆಪ್ಪುಗಟ್ಟುವ ಚಳಿಗೆ ಸಿಕ್ಕಿದ್ದ ಬ್ಯಾಟರಿಗಳು ಒಂದು ದೊಡ್ಡ ಕಾರಣ. ಅತ್ತ ಅದೇ 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್. ಅಲ್ಲೇನು ಚಳಿ ಕಡಿಮೆಯೇ? ಮನೆಯಲ್ಲೇ ಚಾರ್ಜಿಗೆ ಹಾಕಿಟ್ಟು, ಹೊರಡುವ ಮೊದಲೇ ಕಾರನ್ನು ಬಿಸಿ ಮಾಡಿಕೊಂಡರೆ ಆ ಖರ್ಚು ಬ್ಯಾಟರಿಯ ಮೇಲೆ ಬೀಳುವುದಿಲ್ಲ.

ನನ್ನ ತಕರಾರು ಕಂಪನಿಗಳ ಮೇಲೆ. ರೇಂಜ್ ಅಳೆಯುವ ಯುರೋಪಿನ ಅಧಿಕೃತ ‘ಡಬ್ಲ್ಯುಎಲ್‌ಟಿಪಿ’ ಪರೀಕ್ಷೆ ನಡೆಯುವುದು ಲ್ಯಾಬಿನ 23 ಡಿಗ್ರಿಯಲ್ಲಿ, ಹೀಟರ್ ಮತ್ತು ಏಸಿ ಎರಡೂ ಆಫ್. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಬರುವುದು ಆ ಅಂಕಿ. ನಾರ್ವೆಯ ವಾಹನ ಸವಾರರ ಸಂಘ 2020ರ ಚಳಿಗಾಲದಲ್ಲಿ ರಸ್ತೆಯ ಮೇಲೇ ಓಡಿಸಿ ನೋಡಿದಾಗ, ಒಂದು ಕಾರು ಈ ಅಂಕಿಗಿಂತ ಸುಮಾರು ಶೇ 9ರಷ್ಟು ಹಿಂದೆ ಬಿದ್ದಿತು, ಇನ್ನೊಂದು ಸುಮಾರು ಶೇ 30ರಷ್ಟು. ಇಷ್ಟು ವ್ಯತ್ಯಾಸ ಇರುವಾಗ ಕೊಳ್ಳುವವರು ಸುಮ್ನೆ ಊಹೆ ಮಾಡುತ್ತಾ ಕೂರಬೇಕೇ?

ಮೈನಸ್ 7 ಡಿಗ್ರಿಯಲ್ಲಿ, ಹೀಟರ್ ಹಾಕಿದಾಗ ಎಷ್ಟು ದೂರ ಓಡುತ್ತದೆ ಎಂಬುದನ್ನೂ ಅದೇ ಅಳತೆಯ ಅಕ್ಷರದಲ್ಲಿ ಪಕ್ಕದಲ್ಲೇ ಬರೆಯಲಿ. ಹೀಟ್ ಪಂಪ್ ಇದೆಯೋ ಇಲ್ಲವೋ ಎಂಬುದನ್ನೂ ತಿಳಿಸಲಿ. ಒಂದು ಯೂನಿಟ್ ಕರೆಂಟಿಗೆ ಎರಡು ಮೂರು ಯೂನಿಟ್‌ನಷ್ಟು ಶಾಖ ತಂದುಕೊಡುವ ಸಾಧನ ಅದು. ಚಳಿ ವಿಪರೀತವಾದರೆ ಅದರ ಲಾಭವೂ ಕುಗ್ಗುತ್ತದೆ, ಅದೂ ಗೊತ್ತಿರಲಿ. ನಿಯಮ ಬರುವವರೆಗೆ, ಹೊಸ ಕಾರಿನ ವಿಮರ್ಶೆ ಬರೆಯುವ ಪತ್ರಿಕೆಗಳು ಈ ಎರಡು ಪ್ರಶ್ನೆಗಳನ್ನು ಕಂಪನಿಗಳಿಗೆ ಕೇಳಿ, ಉತ್ತರ ಸಿಗದಿದ್ದರೆ ಅದನ್ನೂ ಅಚ್ಚು ಹಾಕಲಿ.

ಇಂತಿ,
ನಿಮ್ಮ ಓದುಗ