ಹಳೆಯ ಸೇವ್‌ಗೆ ಓಡಬೇಡಿ, ಪಾತ್ರ ಹಿಡಿದ ದಾರಿಯಲ್ಲೇ ಹೋಗಿ

ಮಾನ್ಯ ಸಂಪಾದಕರಿಗೆ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ಅಲ್ಲಿಂದೀಚೆಗೆ ‘ಗೇಮ್’ ಎಂಬ ಮಾತು ಎತ್ತಿದರೆ ಜೂಜು, ಸಾಲ, ಚಟ ಎಂದೇ ಓದಿಕೊಳ್ಳುವ ರೂಢಿಯಾಗಿದೆ. ಆ ಕಾಳಜಿಯಲ್ಲಿ ತಪ್ಪಿಲ್ಲ. ಆದರೆ ಬೆಂಗಳೂರಿನ ಪಿಜಿ, ಹಾಸ್ಟೆಲ್‌ಗಳಲ್ಲಿ ರಾತ್ರಿ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಒಂದು ಪೈಸೆಯನ್ನೂ ಪಣಕ್ಕಿಡದೆ, ಒಂದೇ ಪಾತ್ರವನ್ನು ತಿಂಗಳುಗಟ್ಟಲೆ ಬಾಳಿಸುವವರೂ ಇದ್ದಾರೆ. ಸ್ಕೈರಿಮ್‌ನಂಥ ಓಪನ್ ವರ್ಲ್ಡ್ (ಬೇಕಾದ ಕಡೆ ತಿರುಗಾಡಬಹುದಾದ) ಫ್ಯಾಂಟಸಿ ಆಟಗಳಲ್ಲಿ ಅವರು ಮಾಡುವುದನ್ನು, ಅಂದರೆ ಪಾತ್ರದ ಸ್ವಭಾವಕ್ಕೆ ತಕ್ಕಂತೆಯೇ ಆಡುವುದನ್ನು, ರೋಲ್‌ಪ್ಲೇ ಎನ್ನುತ್ತಾರೆ. ಅದೊಂದು ಕಲೆ, ಅದಕ್ಕೊಂದು ಶಿಸ್ತಿದೆ. ಅದನ್ನು ಕನ್ನಡದಲ್ಲಿ ಯಾರೂ ವಿವರಿಸುತ್ತಿಲ್ಲವೆಂಬ ಕೊರಗಿನಿಂದ ಈ ಪತ್ರ.

ಹೊಸಬರು ಮಾಡುವ ದೊಡ್ಡ ತಪ್ಪು ಒಂದೇ. ಪಾತ್ರ ಅಂದುಕೊಂಡ ದಾರಿ ಬಿಟ್ಟು ಹೊರಳಿದ ಕೂಡಲೇ ಹಳೆಯ ಸೇವ್ (ಆಟ ಅಲ್ಲಿಯವರೆಗೆ ಬಂದ ಸ್ಥಿತಿಯನ್ನು ಉಳಿಸಿಟ್ಟ ಫೈಲ್) ಲೋಡ್ ಮಾಡಿ, ಅಂದರೆ ಅಲ್ಲಿಗೆ ಹಿಂದಿರುಗಿ, ಅದು ನಡೆದೇ ಇಲ್ಲವೆನ್ನುವಂತೆ ಮುಂದುವರಿಯುವುದು. ತಾಳಮದ್ದಳೆ ಕೇಳಿದವರಿಗೆ ಇದರಲ್ಲೇನು ನಷ್ಟ ಎಂದು ಬೇಗ ತಿಳಿಯುತ್ತದೆ. ಅಲ್ಲಿ ಪ್ರಸಂಗದ ಪದ್ಯ ಮೊದಲೇ ಗೊತ್ತು, ಅರ್ಥ ಮಾತ್ರ ಆಶು. ಎದುರಿನ ಅರ್ಥಧಾರಿ ನಿರೀಕ್ಷಿಸದ ಕಡೆಯಿಂದ ಪ್ರಶ್ನೆ ಎಸೆದರೆ ‘ಭಾಗವತರೇ, ಆ ಪದ್ಯ ಇನ್ನೊಮ್ಮೆ ಹಾಡಿ, ಬೇರೆ ಥರ ಹೇಳುತ್ತೇನೆ’ ಎನ್ನುವಂತಿಲ್ಲ. ಸಿಕ್ಕಿಬಿದ್ದ ಜಾಗದಿಂದಲೇ ಮಾತು ಕಟ್ಟಬೇಕು. ಕರ್ಣನೋ ವಾಲಿಯೋ ಜೀವ ತಳೆಯುವುದು ಅಲ್ಲಿಯೇ. ಆಟದ ಪಾತ್ರಕ್ಕೂ ಇದೇ ನಿಯಮ.

ಮೊದಲು ಪಾತ್ರ ಕಟ್ಟುವ ಬಗೆ. 2011ರ ನವೆಂಬರ್ 11ರಂದು ಬಂದ ಸ್ಕೈರಿಮ್ ಇಂದಿಗೂ ಇದಕ್ಕೆ ಒಳ್ಳೆಯ ಪಾಠಶಾಲೆ. ಕೈ ಕಟ್ಟಿಸಿಕೊಂಡು ಹೆಲ್ಗೆನ್‌ಗೆ ಹೋಗುವ ಗಾಡಿಯಲ್ಲಿ ಆಟ ಶುರುವಾಗುತ್ತದೆ. ಪಾತ್ರ ಗಡಿ ದಾಟುವಾಗ ಸಿಕ್ಕಿಬಿದ್ದದ್ದು ತಿಳಿಯುತ್ತದೆ. ಯಾಕೆ ದಾಟುತ್ತಿದ್ದ, ಅದಕ್ಕೂ ಮುಂಚೆ ಏನಾಗಿದ್ದ ಎಂಬುದನ್ನು ಆಟ ಹೇಳುವುದಿಲ್ಲ. 10 ಜನಾಂಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಉಳಿದದ್ದು ಆಡುವವರಿಗೆ ಬಿಟ್ಟದ್ದು. ಇಲ್ಲಿ ಎರಡು ಪುಟ ಪೂರ್ವಕಥೆ ಬರೆಯುವ ಉತ್ಸಾಹ ಎಲ್ಲರಿಗೂ ಬರುತ್ತದೆ. ಬೇಡ. ನಾಲ್ಕು ಸಾಲು ಸಾಕು: ಅವನಿಗೆ ಏನು ಬೇಕು, ಯಾವುದಕ್ಕೆ ಹೆದರುತ್ತಾನೆ, ಯಾರಿಗೆ ಋಣಿ, ಸತ್ತರೂ ಮಾಡದ ಕೆಲಸ ಯಾವುದು. ಪೂರ್ವಕಥೆ ಉದ್ದವಾದಷ್ಟೂ ಪಾತ್ರ ಬಿಗಿಯಾಗುತ್ತದೆ, ಹೊರಳುವ ಹೊತ್ತಿಗೆ ಮುರಿಯುತ್ತದೆ. ನಾಲ್ಕನೆಯ ಸಾಲೇ ಮುಖ್ಯ, ಏಕೆಂದರೆ ಆಟ ಒಂದಲ್ಲ ಒಂದು ದಿನ ಅದನ್ನೇ ಕೆಣಕುತ್ತದೆ.

ಒಂದು ಉದಾಹರಣೆ. ಸತ್ತವರ ದೇವರಾದ ಆರ್ಕೇಯ ಭಕ್ತ, ಎದ್ದು ನಡೆಯುವ ಹೆಣಗಳನ್ನು ಕಂಡರೆ ಆಗದವನು, ಒಂದು ಗುಹೆಯಲ್ಲಿ ರಕ್ತಪಿಶಾಚಿಗಳ ಜೊತೆ ಸೆಣಸುತ್ತಾನೆ. ಗೆಲ್ಲುತ್ತಾನೆ. ಆದರೆ ಪರದೆಯ ಮೂಲೆಯಲ್ಲಿ ಸಾಂಗ್ವಿನೇರ್ ವ್ಯಾಂಪೈರಿಸ್ ಎಂಬ ರೋಗ ಅಂಟಿತು ಎಂಬ ಒಂದು ಸಾಲು ಬಂದು ಮಾಯವಾಗುತ್ತದೆ. ಬಹಳ ಮಂದಿ ಅದನ್ನು ಗಮನಿಸುವುದೇ ಇಲ್ಲ. ಆ ಘಳಿಗೆಯಿಂದ ಆಟದ ಲೆಕ್ಕದಲ್ಲಿ 72 ಗಂಟೆಗಳ ಗಡುವು; ಅದರೊಳಗೆ ವಾಸಿಯಾಗದಿದ್ದರೆ ಅವನೂ ರಕ್ತಪಿಶಾಚಿ. ಸ್ಕೈರಿಮ್‌ನ ಗಡಿಯಾರ ನಮ್ಮದಕ್ಕಿಂತ 20 ಪಟ್ಟು ವೇಗವಾಗಿ ಓಡುವುದರಿಂದ ನಮ್ಮ ಲೆಕ್ಕದಲ್ಲಿ ಅದು 3 ಗಂಟೆ 36 ನಿಮಿಷ. ಮಲಗಿದರೆ, ಕಾದು ಕೂತರೆ, ನಕ್ಷೆಯ ಮೇಲೆ ಒತ್ತಿ ಊರಿಂದೂರಿಗೆ ಜಿಗಿದರೆ ಇನ್ನೂ ಬೇಗ ಮುಗಿಯುತ್ತದೆ.

ಗಡುವಿನೊಳಗೆ ವಾಸಿ ಮಾಡಿಕೊಳ್ಳುವುದು ಸುಲಭ. ಯಾವುದೇ ದೇವರ ಗುಡಿಯಲ್ಲಿ ಕೈಮುಗಿದರೆ ಸಾಕು. ಇಲ್ಲವೇ ಗಿಡುಗದ ಗರಿ ಮತ್ತು ಮಡ್‌ಕ್ರ್ಯಾಬ್ ಏಡಿಯ ಚಿಪ್ಪು ಒಂದೊಂದು ಸೇರಿಸಿ ರಸಾಯನದ ಮೇಜಿನಲ್ಲಿ ಔಷಧಿ ಮಾಡಿಕೊಳ್ಳಬಹುದು. ಮೇಜು ಸಿಗದಿದ್ದರೆ ಗಿಡುಗದ ಗರಿಯನ್ನು ಹಾಗೆಯೇ ತಿಂದರೂ ರೋಗ ಹೋಗುತ್ತದೆ. ಇದನ್ನು ಹೇಳುತ್ತಿರುವುದು ಓಡಿಹೋಗಿ ವಾಸಿ ಮಾಡಿಕೊಳ್ಳಿ ಎಂದಲ್ಲ. ಪಾತ್ರಕ್ಕೆ ರೋಗದ ಅರಿವಾಗಿದೆಯೇ ಎಂಬುದನ್ನು ಮೊದಲು ತೀರ್ಮಾನಿಸಿ. ಅರಿವಾಗಿದ್ದರೆ ಆರ್ಕೇಯ ಭಕ್ತ ಗುಡಿಗೆ ಹೋಗಿಯೇ ಹೋಗುತ್ತಾನೆ, ಅದು ಅವನ ಸ್ವಭಾವ. ಅರಿಯದೆ ಗಡುವು ಮೀರಿದರೆ, ತಾನು ದ್ವೇಷಿಸುವುದೇ ತಾನಾದ ಮನುಷ್ಯ ನಿಮ್ಮ ಕೈಗೆ ಸಿಕ್ಕಿದ್ದಾನೆ. ಅಂಥದ್ದನ್ನು ಮುಂಚಿತವಾಗಿ ಯೋಚಿಸಿ ಬರೆಯುವುದು ಕಷ್ಟ. ಅವನನ್ನು ಲೋಡ್ ಮಾಡಿ ಅಳಿಸಬೇಡಿ.

ಆಮೇಲಿನ ಬದುಕು ಬೇರೆಯೇ. ಬೆಳಗಿನ 5ರಿಂದ ಸಂಜೆ 7ರವರೆಗೆ ಬಯಲಿನಲ್ಲಿ ಅವನ ಆರೋಗ್ಯ, ಮಂತ್ರಬಲ, ದಮ್ಮು ತಾವಾಗಿ ತುಂಬಿಕೊಳ್ಳುವುದಿಲ್ಲ. ರಕ್ತ ಕುಡಿಯದೆ ಹೋದರೆ ದಿನಕ್ಕೊಂದು ಹಂತದಂತೆ ನಾಲ್ಕನೆಯ ಹಂತ ಮುಟ್ಟುತ್ತಾನೆ. ಮೂಲ ಆಟದಲ್ಲಿ ಆ ಹಂತದಲ್ಲಿ ಊರವರು ಕಂಡಲ್ಲಿ ಮೈಮೇಲೆ ಬೀಳುತ್ತಿದ್ದರು. 2012ರ ಡಾನ್‌ಗಾರ್ಡ್ ಸೇರ್ಪಡೆಯ ಬಳಿಕ ಅದಿಲ್ಲ. ಮನುಷ್ಯನಾಗಿ ಮರಳಬೇಕೆಂದರೆ ಮೊರ್ಥಾಲ್ ಊರಿನ ಫೇಲಿಯನ್ ಎಂಬ ಮಂತ್ರವಾದಿಯ ಬಳಿ ಹೋಗಬೇಕು. ಅವನು ಕೇಳುವುದು ತುಂಬಿದ ಒಂದು ಕಪ್ಪು ಆತ್ಮಮಣಿಯನ್ನು. ಮನುಷ್ಯರಂಥವರ ಆತ್ಮವನ್ನು ಹಿಡಿದಿಡಬಲ್ಲ ಮಣಿ ಅದು. ಹೆಣಗಳಿಗೆ ಶಾಂತಿ ಕೋರುತ್ತಿದ್ದ ಭಕ್ತ, ತನ್ನ ಬಿಡುಗಡೆಗೆ ಇನ್ನೊಬ್ಬನ ಆತ್ಮವನ್ನು ಮಣಿಯಲ್ಲಿ ಸೆರೆಹಿಡಿಯಬೇಕು. ಖಾಲಿ ಮಣಿ ಕೊಂಡು, ಆತ್ಮ ಹಿಡಿಯುವ ಮಂತ್ರ ಹಾಕಿ, ಯಾರನ್ನು ಕೊಲ್ಲುತ್ತಾನೆ? ಡಕಾಯಿತನನ್ನೇ? ಅಥವಾ ಬೇಡವೆಂದು ಹಾಗೆಯೇ ಉಳಿಯುತ್ತಾನೆಯೇ? ಆಟ ಉತ್ತರ ಹೇಳಿಕೊಡುವುದಿಲ್ಲ. ಬರೆದಿಟ್ಟ ನಾಲ್ಕನೆಯ ಸಾಲು ಕೆಲಸಕ್ಕೆ ಬರುವುದು ಇಲ್ಲಿ.

ಕಂಪ್ಯಾನಿಯನ್ಸ್ ಎಂಬ ವೀರರ ಬಳಗದಲ್ಲೂ ಇಂಥ ತಿರುವಿದೆ. ನೇರ ನಡೆಯ ಯೋಧನೆಂದು ಸೇರಿದವನಿಗೆ ನಡುವೆ, ಮನುಷ್ಯನನ್ನು ತೋಳವಾಗಿಸುವ ರಕ್ತ ಕುಡಿ ಎನ್ನುತ್ತಾರೆ. ಒಲ್ಲೆ ಎಂದರೆ ಆ ಕಥೆ ಮುಂದೆ ಹೋಗದು. ಕ್ವೆಸ್ಟ್ (ಆಟ ಒಪ್ಪಿಸುವ ಕೆಲಸ) ಪಟ್ಟಿಯಲ್ಲಿ ಅದು ಕೊನೆಯವರೆಗೂ ಅರ್ಧಕ್ಕೇ ನಿಂತಿರುತ್ತದೆ, ನಿಂತಿರಲಿ. ಪಟ್ಟಿ ಖಾಲಿ ಮಾಡುವ ಹಟಕ್ಕೆ ಪಾತ್ರವನ್ನು ಬಲಿಕೊಡಬೇಡಿ. ಕುಡಿದು ಆಮೇಲೆ ಪಶ್ಚಾತ್ತಾಪಪಡುವವನಾದರೆ ಒಂದು ಎಚ್ಚರಿಕೆ: ಗ್ಲೆನ್‌ಮೊರಿಲ್ ಗವಿಯ ಐವರು ಮಾಟಗಾತಿಯರ ತಲೆಗಳನ್ನೂ ಆಗಲೇ ತಂದಿಟ್ಟುಕೊಳ್ಳಿ. ಕಥೆ ಕೇಳುವುದು ಒಂದನ್ನು, ಅದು ಮುದಿ ನಾಯಕ ಕೊಡ್ಲಾಕ್‌ನಿಗೆ ಖರ್ಚಾಗುತ್ತದೆ. ನಿಮ್ಮ ಪಾತ್ರ ಶಾಪ ಕಳೆದುಕೊಳ್ಳಲು ಇನ್ನೊಂದು ಬೇಕು, ಫಾರ್ಕಾಸ್ ಮತ್ತು ವಿಲ್ಕಾಸ್ ಸೋದರರಿಗೆ ಒಂದೊಂದು.

ರಿಫ್ಟನ್ ಊರಿನ ಅನಾಥಾಲಯದ ಪ್ರಕರಣ ಇನ್ನೂ ಸೂಕ್ಷ್ಮ. ಮಕ್ಕಳನ್ನು ಗೋಳಾಡಿಸುವ ಮುದುಕಿ ಗ್ರೆಲೋಡ್‌ಳನ್ನು ಕನಿಕರದಿಂದಲೇ ಕೊಂದರೂ, ಮುಂದೆ ಎಲ್ಲೋ ಮಲಗಿದಾಗ ಡಾರ್ಕ್ ಬ್ರದರ್‌ಹುಡ್ ಎಂಬ ಸುಪಾರಿ ಕೊಲೆಗಾರರ ಕೂಟ ಪಾತ್ರವನ್ನು ಹೊತ್ತೊಯ್ಯುತ್ತದೆ. ಕಣ್ಣು ಬಿಟ್ಟರೆ ಪಾಳು ಗುಡಿಸಲು, ಮುಸುಕು ಹಾಕಿದ ಮೂವರು ಬಂದಿಗಳು, ಮೇಲೆ ಕೂತ ಆಸ್ಟ್ರಿಡ್. ಮೂವರಲ್ಲೊಬ್ಬನನ್ನು ಕೊಲ್ಲು ಎನ್ನುತ್ತಾಳೆ. ಆಯ್ಕೆ ಅಷ್ಟೇ ಎಂದುಕೊಳ್ಳುತ್ತಾರೆ ಬಹುತೇಕರು. ಆಸ್ಟ್ರಿಡ್‌ಳನ್ನೇ ಕೊಲ್ಲಬಹುದು. ಕೊಂದು ಯಾವುದಾದರೂ ಕಾವಲುಗಾರನಿಗೆ ತಿಳಿಸಿದರೆ ಡ್ರ್ಯಾಗನ್ ಬ್ರಿಡ್ಜ್‌ನ ಕಮಾಂಡರ್ ಮಾರೋ ಬಳಿಗೆ ಕಳಿಸುತ್ತಾರೆ. ಕೂಟವನ್ನು ಬೇರುಸಮೇತ ಕಿತ್ತರೆ 3000 ನಾಣ್ಯ ಬಹುಮಾನ. ಪರದೆ ತೋರಿಸದ ದಾರಿಯೂ ಇರಬಹುದು ಎಂದು ಹುಡುಕುವ ಅಭ್ಯಾಸ ಆಗುವುದು ಇಂಥ ಕಡೆಯೇ.

ಮನಸ್ಸು ತಿರುಗಿದರೂ ಮೈ ತಿರುಗದಿರುವುದು ಇನ್ನೊಂದು ತೊಡಕು. 30ನೇ ಲೆವೆಲ್‌ವರೆಗೆ ಕತ್ತಿ ಹಿಡಿದವನು ಯುದ್ಧ ಸಾಕೆಂದು ಮಂತ್ರವಿದ್ಯೆಗೆ ಹೊರಳುತ್ತಾನೆ ಎನ್ನಿ. ಕಥೆಗೆ ಸೊಗಸು, ಆಟದಲ್ಲಿ ಸಾವು. ವೈರಿಗಳು ಲೆವೆಲ್‌ಗೆ ತಕ್ಕಂತೆ ಬೆಳೆದಿರುತ್ತಾರೆ, ಇವನ ಮಂತ್ರ ಇನ್ನೂ ಎಳೆಯದು. ಲೆವೆಲ್ ಏರುವಾಗಲೆಲ್ಲ ಸಿಗುವ 10 ಅಂಕಗಳನ್ನು ಆರೋಗ್ಯಕ್ಕೇ ಹಾಕುತ್ತ ಬಂದಿದ್ದರೆ ಮಂತ್ರಬಲ ಮೊದಲಿದ್ದಲ್ಲೇ ಇರುತ್ತದೆ, ಅದನ್ನು ತಿರುಗಿ ಹಂಚಲು ಬರುವುದಿಲ್ಲ. ಬೆಂಕಿ ಉಗುಳುವ ಡಿಸ್ಟ್ರಕ್ಷನ್‌ನಿಂದ ಶುರುಮಾಡುವುದು ಇಲ್ಲಿ ಆಗುವ ತಪ್ಪು; ಆ ವಿದ್ಯೆ ಏರಿದರೆ ಮಂತ್ರದ ಖರ್ಚು ಇಳಿಯುತ್ತದೆಯೇ ಹೊರತು ಏಟಿನ ಬಲ ಏರುವುದಿಲ್ಲ. ಕಂಜುರೇಷನ್ ಎಂಬ ಆವಾಹನೆಯ ವಿದ್ಯೆಯಿಂದ ಶುರುಮಾಡಿ. ಅದರ ಬೌಂಡ್ ಸ್ವೋರ್ಡ್ ಮಂತ್ರ ಗಾಳಿಯಿಂದ ಕತ್ತಿ ಬರಿಸುತ್ತದೆ, ಆ ಕತ್ತಿಗೆ ಹಳೆಯ ಒಂಟಿಗೈ ವಿದ್ಯೆಯ ಪರ್ಕ್‌ಗಳೂ (ಲೆವೆಲ್ ಏರಿದಾಗ ಆರಿಸಿಕೊಂಡ ವಿಶೇಷ ಸಾಮರ್ಥ್ಯಗಳು) ಅನ್ವಯಿಸುತ್ತವೆ. ಕತ್ತಿಯವನು ಮಂತ್ರಕ್ಕೆ ದಾಟಲು ಇದಕ್ಕಿಂತ ಒಳ್ಳೆಯ ಸೇತುವೆಯಿಲ್ಲ. ವಿಂಟರ್‌ಹೋಲ್ಡ್ ಕಾಲೇಜಿನ ಫಿನಿಸ್ ಗೆಸ್ಟರ್ ಬಳಿ ಈ ವಿದ್ಯೆಯ ಮಂತ್ರಗಳು ಸಿಗುತ್ತವೆ. ಗುರುಗಳ ಬಳಿ ಪ್ರತಿ ಲೆವೆಲ್‌ಗೆ 5 ಪಾಠ ಕಲಿಯಬಹುದು, ಐದನ್ನೂ ಬಳಸಿಕೊಳ್ಳಿ. ಕಷ್ಟದ ಮಟ್ಟವನ್ನು ಒಂದೆರಡು ಮೆಟ್ಟಿಲು ಇಳಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಹಳೆಯ ಪರ್ಕ್‌ಗಳನ್ನು ಹಿಂಪಡೆಯಲು ಎರಡು ದಾರಿ: 100 ಮುಟ್ಟಿದ ವಿದ್ಯೆಯನ್ನು ಲೆಜೆಂಡರಿ ಮಾಡಿ 15ಕ್ಕೆ ಇಳಿಸುವುದು, ಅಥವಾ ಡ್ರ್ಯಾಗನ್‌ಬಾರ್ನ್ ಸೇರ್ಪಡೆಯ ಮುಖ್ಯ ಕಥೆ ಮುಗಿಸಿ, ಅದರ ಕಪ್ಪು ಪುಸ್ತಕದಲ್ಲಿ ಒಂದು ವಿದ್ಯೆಗೆ ಒಂದು ಡ್ರ್ಯಾಗನ್ ಆತ್ಮ ತೆರುವುದು.

ಇನ್ನು ಸೇವ್ ಮಾಡುವ ಕ್ರಮ. ಲೋಡ್ ಮಾಡಬೇಡಿ ಎಂದರೆ ಸೇವ್ ಬೇಡ ಎಂದಲ್ಲ. ಈ ಆಟಗಳಲ್ಲಿ ದೋಷಗಳು ಹೇರಳ: ನೆಲದೊಳಗೆ ಕುಸಿಯುವುದು, ಬಾಗಿಲು ತೆರೆಯದೆ ಕ್ವೆಸ್ಟ್ ನಿಂತುಹೋಗುವುದು. ಆದ್ದರಿಂದ ಮೂರು ಕೈಸೇವ್‌ಗಳನ್ನು ಸರದಿಯಂತೆ ಇಟ್ಟುಕೊಳ್ಳಿ. ಗುಂಡಿ ಒತ್ತಿದೊಡನೆ ಆಗುವ ಕ್ವಿಕ್‌ಸೇವ್ ಒಂದನ್ನೇ ನೆಚ್ಚಬೇಡಿ. ಬಂಡೆಯಿಂದ ಬೀಳುತ್ತಿರುವಾಗ ಒತ್ತಿದರೆ ಆ ಬೀಳುವಿಕೆಯೇ ಉಳಿಯುತ್ತದೆ. ಲೋಡ್ ಮಾಡುವುದು ಪಾತ್ರ ಸತ್ತಾಗ, ಆಟ ಕೆಟ್ಟಾಗ, ಎರಡೇ ಸಂದರ್ಭಗಳಲ್ಲಿ. ಸೆರೆ ಸಿಕ್ಕಿದ್ದು, ಜೊತೆಗಾರ ಸತ್ತದ್ದು, ಕಳ್ಳತನ ಬಯಲಾದದ್ದು ಆಟ ಕೆಟ್ಟದ್ದಲ್ಲ. ಸೆರೆವಾಸದಲ್ಲಿ ಕಳೆಯುವುದು ವಿದ್ಯೆಗಳು ಮುಂದಿನ ಹಂತದತ್ತ ಸಾಗಿದ್ದ ಭಾಗವನ್ನಷ್ಟೇ, ಗಳಿಸಿದ ಹಂತಗಳನ್ನಲ್ಲ. ಮಾಡ್ (ಆಟವನ್ನು ಬದಲಿಸಲು ಆಟಗಾರರೇ ಮಾಡಿದ ಸೇರ್ಪಡೆ) ಹಾಕುವವರು ಪಾತ್ರ ಶುರುವಾಗುವ ಮೊದಲೇ ಎಲ್ಲ ಹಾಕಿ ಮುಗಿಸಬೇಕು. ಸ್ಕ್ರಿಪ್ಟ್ ಇರುವ ಮಾಡನ್ನು ನಡುವೆ ಕಿತ್ತರೆ ಅದರ ಅವಶೇಷ ಸೇವ್ ಫೈಲಿನಲ್ಲೇ ಉಳಿದು ಮುಂದೆಂದೋ ಆಟ ಕುಸಿಯುತ್ತದೆ.

ಮುಂಗಾರು ಪೂರ್ವ ಮಳೆಗೆ ಕರೆಂಟ್ ಹೋಗುವ ಬಡಾವಣೆಗಳಲ್ಲಿ ಸೇವ್ ಬರೆಯುತ್ತಿರುವಾಗಲೇ ಡೆಸ್ಕ್‌ಟಾಪ್ ಆರಿಹೋದರೆ ಫೈಲ್ ಹಾಳಾಗುವ ಅಪಾಯವಿದೆ. ಎಸ್.ಪಿ. ರಸ್ತೆಯಲ್ಲಿ ಯುಪಿಎಸ್ ಕೊಳ್ಳುವವರು ವಿಎ ಸಂಖ್ಯೆ ನೋಡಿ ಮೋಸಹೋಗಬೇಡಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು ಸುಮಾರು 360 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಆಟದ ಹೊತ್ತಿನಲ್ಲಿ ಅದನ್ನು ಮೀರಬಹುದು. ಮಾನಿಟರ್ ಸೇರಿಸಿ ವ್ಯಾಟ್ ಲೆಕ್ಕ ಹಾಕಿಸಿ, 1000 ವಿಎ ಮೇಲಿನದನ್ನು ಕೇಳಿ.

ಬೇರೆ ಆಟಗಳು ಈ ಶಿಸ್ತನ್ನು ತಾವೇ ಹೇರುತ್ತವೆ. 2022ರ ಎಲ್ಡನ್ ರಿಂಗ್ ತಾನಾಗಿಯೇ ಸೇವ್ ಮಾಡುತ್ತ ಹೋಗುತ್ತದೆ, ಆಟದೊಳಗೆ ಹಳೆಯ ಸೇವ್ ಆರಿಸಲು ಅವಕಾಶವಿಲ್ಲ. ಆರಂಭದ ಲಿಮ್‌ಗ್ರೇವ್‌ನ ಪಾಳುಕಟ್ಟಡದಲ್ಲಿ ಒಂದು ಪೆಟ್ಟಿಗೆ ತೆರೆದರೆ ಹೊಗೆ ಎದ್ದು, ದೂರದ ಕೇಲಿಡ್‌ನ ಗಣಿ ಸುರಂಗಕ್ಕೆ ಎಸೆಯುತ್ತದೆ. ನಡೆದು ಹೊರಬರುವವರೆಗೆ ಬೇರೆಡೆಗೆ ಜಿಗಿಯಲಾಗದು. 2023ರ ಬಾಲ್ಡರ್ಸ್ ಗೇಟ್ 3 ಪೂರ್ತಿ ಓಪನ್ ವರ್ಲ್ಡ್ ಅಲ್ಲದಿದ್ದರೂ ಹೇಳಲೇಬೇಕು. ಅಲ್ಲಿ ವ್ರತ ಮುರಿದ ಪ್ಯಾಲಡಿನ್ (ವ್ರತಬದ್ಧ ಯೋಧ) ಬಿಡಾರಕ್ಕೆ ವ್ರತಭ್ರಷ್ಟ ನೈಟ್ ಒಬ್ಬ ಬರುತ್ತಾನೆ. ಮೊದಲ ಸಲ 1000 ಚಿನ್ನ ತೆತ್ತು ವ್ರತ ಮರಳಿ ಪಡೆಯಬಹುದು, ಇಲ್ಲವೇ ಭ್ರಷ್ಟನಾಗಿಯೇ ಹೊಸ ಶಕ್ತಿಗಳನ್ನು ಪಡೆಯಬಹುದು. ಆದರೆ ಈ ವಿಷಯದಲ್ಲಿ 2002ರ ಮೊರೋವಿಂಡ್‌ನಷ್ಟು ಧೈರ್ಯ ಇನ್ನಾವುದಕ್ಕೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಸ್ಕೈರಿಮ್‌ನಲ್ಲಿ ಕಥೆಗೆ ಬೇಕಾದವರು ಮಂಡಿಯೂರಿ ಮತ್ತೆ ಏಳುತ್ತಾರೆ. ಮೊರೋವಿಂಡ್‌ನಲ್ಲಿ ಅವರು ಸತ್ತೇ ಹೋಗುತ್ತಾರೆ. ಭವಿಷ್ಯವಾಣಿಯ ಎಳೆ ಕಡಿಯಿತು, ಹಳೆಯ ಸೇವ್‌ಗೆ ಮರಳು, ಇಲ್ಲವೇ ನೀನೇ ಕೆಡಿಸಿದ ಲೋಕದಲ್ಲಿ ಬಾಳು ಎಂಬರ್ಥದ ಸೂಚನೆ ಕೊಟ್ಟು ಆಟ ಮುಂದುವರಿಯಲು ಬಿಡುತ್ತದೆ. ಆ ಕೆಟ್ಟ ಲೋಕದಲ್ಲೂ, ಡ್ವೆಮರ್ ಜನಾಂಗದಲ್ಲಿ ಬದುಕುಳಿದ ಕೊನೆಯವನಾದ ಯಗ್ರಮ್ ಬಗಾರ್ನ್‌ನ ಸಹಾಯದಿಂದ ಕಥೆಯನ್ನು ಮುಗಿಸುವ ಹಿಂಬಾಗಿಲೊಂದಿದೆ.

ಕೊನೆಯದಾಗಿ ದಿನಚರಿ. ಪ್ರತಿ ಸಲ ಆಟ ನಿಲ್ಲಿಸುವ ಮುನ್ನ ಪಾತ್ರದ ಬಾಯಲ್ಲಿ ಐದು ಸಾಲು ಬರೆಯಬೇಕು, ಕನ್ನಡದಲ್ಲಿ. ಈ ಆಟಗಳ ಮೆನುವಿನಲ್ಲಿ ಕನ್ನಡವಿಲ್ಲ, ಪಾತ್ರಕ್ಕಾದರೂ ಇರಲಿ. ಉತ್ತರದ ಕಮ್ಮಾರನಿಗೆ ಧಾರವಾಡದ ಮಾತು ಕೊಟ್ಟು ನೋಡಿ: ‘ಆ ಹೆಣ್ಣಮಗಳ ಕೈಯಾಗಿನ ಕೆಂಪ ಬೆಳಕು ನನ್ನ ಜೀವಾನ ಹೀರಿಧಂಗಾತು. ಗುಡಿ ಮುಂದ ನಿಂತೀನಿ. ಒಳಗ ಹೋಗಾಕ ಕಾಲು ಏಳವಲ್ಲವು.’ ಇಷ್ಟು ಬರೆದವರಿಗೆ ನಾಳೆ ಅವನು ಏನು ಮಾಡುತ್ತಾನೆಂಬುದು ಅರ್ಧ ಗೊತ್ತಾಗಿರುತ್ತದೆ, ಲೋಡ್ ಗುಂಡಿಯತ್ತ ಕೈ ಹೋಗುವುದೂ ಕಡಿಮೆಯಾಗುತ್ತದೆ.

ಅನಿಮೇಷನ್ ಮತ್ತು ಗೇಮಿಂಗ್‌ಗೆ ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ತಂದಿದೆ. ಗೇಮ್ ಸ್ಟುಡಿಯೊಗಳು ಇದೇ ಊರಿನಲ್ಲಿವೆ. ಅಲ್ಲಿಗೆ ಹೋಗಬಯಸುವ ಕನ್ನಡದ ಹುಡುಗ ಹುಡುಗಿಯರಿಗೆ ಕೋಡ್ ಕಲಿಸುವವರು ಸಿಗುತ್ತಾರೆ. ಪಾತ್ರ ಹೇಗೆ ಹೊರಳುತ್ತದೆ, ಆಯ್ಕೆಯ ಫಲವನ್ನು ಹೇಗೆ ಹೆಣೆಯುತ್ತಾರೆ ಎಂದು ಕನ್ನಡದಲ್ಲಿ ಹೇಳುವವರಿಲ್ಲ. ನಾಟಕ, ಸಿನಿಮಾ ವಿಮರ್ಶೆಗೆ ಮೀಸಲಾದ ಪುಟದಲ್ಲಿ ಹದಿನೈದು ದಿನಕ್ಕೊಮ್ಮೆ ಕಾಲು ಪುಟವನ್ನು ಇಂಥ ಆಟಗಳ ಕಥನಕ್ಕೆ ಬಿಟ್ಟುಕೊಡಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇತಿ,
ಓದುಗ
ಬಸವನಗುಡಿ, ಬೆಂಗಳೂರು