ಎರಡನೇ ಸಾಲಿನ ಎಡಗಡೆ ಕೂತು ಬರೆದವರಿಗೆ

ನಮ್ಮ ಹಾಡಿನ ಸಂಜೆಗಳಲ್ಲಿ ಇಪ್ಪತ್ತೈದನೆಯದು ಮುಗಿಯಿತು. ಕೇಬಲ್ಲು ಸುತ್ತಿಟ್ಟಾಯಿತು, ಜಮಖಾನ ಕೊಡವಿ ಮಡಚಿದ್ದಾಯಿತು, ಶಾಮಿಯಾನದವರ ಲೆಕ್ಕವೂ ಚುಕ್ತಾ. ತೀರದೆ ಉಳಿದ ಬಾಕಿ ಕೇಳುಗರದ್ದು. ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಕಡೂರು ಅಂತ ಎಲ್ಲಿಟ್ಟರೆ ಅಲ್ಲಿಗೆ ಬಂದಿರಿ. ತಾವೇ ಪದ ಕಟ್ಟಿ ತಾವೇ ಹಾಡುವ ಹುಡುಗ ಹುಡುಗಿಯರನ್ನೂ ತತ್ವಪದ, ಸೋಬಾನೆಯ ಹಿರಿಯರನ್ನೂ ಕೂತು ಕೇಳಿದಿರಿ. ಮನೆಗೆ ಹೋದ ಮೇಲೆ, ಕೇಳಿದ್ದು ಹೇಗಿತ್ತು ಅಂತ ನಾಲ್ಕು ಸಾಲು ಬರೆದು ಕಳಿಸಿದಿರಲ್ಲ, ಈ ಬರಹ ಅದಕ್ಕೆ.

‘ಸೂಪರ್ ಸಾರ್’, ‘ಮೈ ಜುಮ್ಮೆಂದಿತು’ ಅಂತ ಬರೆದವರಿಗೂ ನಮಸ್ಕಾರ. ಅದನ್ನು ಹಾಡಿದವರಿಗೆ ಓದಿ ಹೇಳಿದ್ದೇವೆ. ಆದರೆ ಸೌಂಡಿನ ಮಿಕ್ಸರ್ ಮುಂದೆ ಕೂತವನು ಅದನ್ನು ನೋಡಿ ಒಂದು ಗುಂಡಿಯನ್ನೂ ತಿರುಗಿಸಲಾರ. ‘ಎರಡನೇ ಸಾಲು, ಎಡಗಡೆ, ಕಂಬದ ಪಕ್ಕ. ಮೂರನೇ ಪದದಲ್ಲಿ ದಮಡಿ ಮಾತನ್ನು ನುಂಗಿಬಿಟ್ಟಿತು’ ಅಂತ ಬಂದರೆ ಕೆಲಸ ಶುರುವಾಗುತ್ತದೆ. ಕೂತ ಜಾಗ, ಪದದ ಮೊದಲ ಸಾಲು, ತೊಡಕು ಕೊಟ್ಟ ವಾದ್ಯ. ಇಷ್ಟು ಗೊತ್ತಾದರೆ ಮುಂದಿನ ಸಂಜೆಗೆ ಏನು ಬದಲಿಸಬೇಕು ಅನ್ನುವುದು ತಾನಾಗಿ ಹೊಳೆಯುತ್ತದೆ.

ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರ ಹಾಡು, ನಾಟಕಕ್ಕೆಂದೇ ಕಟ್ಟಿದ ಜಾಗಗಳು. ಆದರೆ ಇಂಥ ಸಣ್ಣ ಸಂಜೆಗಳು ಹೆಚ್ಚಾಗಿ ನಡೆಯುವುದು ಮದುವೆ ಛತ್ರದಲ್ಲಿ, ಶಾಲೆಯ ಅಂಗಳದಲ್ಲಿ, ಕಾಫಿ ಕಣದಲ್ಲಿ. ಛತ್ರವೆಂದರೆ ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್. ಊಟದ ಪಂಕ್ತಿಗೆ ಅನುಕೂಲ, ಹಾಡಿಗೆ ಶತ್ರು. ‘ಮುಂದಿನ ಸಾಲಿನಲ್ಲಿ ಪ್ರತಿ ಮಾತೂ ಎರಡೆರಡು ಸಲ ಕೇಳಿಸಿತು’ ಅಂತ ಒಬ್ಬರು ಬರೆದಿದ್ದರು. ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಿಂದಿನ ಗೋಡೆ 17 ಮೀಟರ್ ದೂರವಿದ್ದರೆ ಹೋಗಿ ಬರಲು 34 ಮೀಟರ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟು ಅಂತರ ಬಿದ್ದರೆ ಕಿವಿ ಅದನ್ನು ಎರಡನೇ ಮಾತು ಅಂತಲೇ ಎಣಿಸುತ್ತದೆ. ಆ ಪತ್ರ ಬಂದ ಮೇಲೆ ಸ್ಪೀಕರನ್ನು ಸ್ಟ್ಯಾಂಡಿನ ಮೇಲೆ ಎತ್ತರಿಸಿ, ಮೂತಿಯನ್ನು ಜನರ ಕಡೆ ಕೆಳಕ್ಕೆ ಬಾಗಿಸಿದೆವು. ಹಿಂದಿನ ಗೋಡೆಗೆ ದಪ್ಪ ಜಮಖಾನ ನೇತು ಹಾಕಿದೆವು, ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು. ನಡುವಿನ ಆ ಖಾಲಿ ಜಾಗವೂ ಶಬ್ದವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಖಾಲಿ ಛತ್ರದಲ್ಲಿ ಒಂದು ಚಪ್ಪಾಳೆ ತಟ್ಟಿ ನೋಡಿದರೆ ರೋಗ ಗೊತ್ತಾಗುತ್ತದೆ. ಜನ ತುಂಬಿದ ಮೇಲೆ ಅದು ಅರ್ಧ ಇಳಿದಿರುತ್ತದೆ, ಯಾಕೆಂದರೆ ಮೈಮೇಲಿನ ಬಟ್ಟೆಗಿಂತ ಒಳ್ಳೆಯ ಪರದೆ ಇಲ್ಲ. ಹಾಗಾಗಿ ಬೇಗ ಬಂದು ಕೂತವರಿಗೆ ಎರಡು ಥ್ಯಾಂಕ್ಸ್.

ಕಾಫಿ ಕಣದಲ್ಲಿ ಇದರ ತದ್ವಿರುದ್ಧ. ಗೋಡೆಯಿಲ್ಲ, ಮರುದನಿಯಿಲ್ಲ, ಆದರೆ ಹಿಡಿದು ನಿಲ್ಲಿಸುವುದೂ ಏನೂ ಇಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಮುಂದಿನವರ ಕಿವಿ ಒಡೆಯುತ್ತಿದ್ದರೂ ಹಿಂದಿನವರಿಗೆ ಗುಣುಗುಣು ಅಷ್ಟೇ. ಒಂದೇ ಜೋಡಿ ಸ್ಪೀಕರನ್ನು ಅರಚಿಸುವ ಬದಲು ನಡುವೆ ಇನ್ನೊಂದು ಸಣ್ಣ ಜೋಡಿ ಇಡಬೇಕು, ಮುಂದಿನ ಜೋಡಿಯ ದನಿ ಅಲ್ಲಿಗೆ ಬಂದು ಮುಟ್ಟುವಷ್ಟು ಹೊತ್ತು ಅದನ್ನು ತಡಮಾಡಿ ನುಡಿಸಬೇಕು. ಮುಂದಿನ ಜೋಡಿಯಿಂದ 17 ಮೀಟರ್ ಹಿಂದಿದ್ದರೆ 50 ಮಿಲಿಸೆಕೆಂಡ್. ಡಿಜಿಟಲ್ ಮಿಕ್ಸರ್‌ನಲ್ಲಿ ಈ ಸೌಲಭ್ಯ ಇರುತ್ತದೆ, ಕೇಳಿ ಹಾಕಿಸಬೇಕು. ‘ಹಾಡುಗಾರ ಮುಂದಿದ್ದಾರೆ, ದನಿ ಪಕ್ಕದ ಸಿಲ್ವರ್ ಮರದಿಂದ ಬಂತು’ ಎಂದು ಬರೆದವರು ಹಿಡಿದದ್ದು ಇದನ್ನೇ. ಅವತ್ತು ತಡ ಹಾಕುವುದು ಬಿಟ್ಟುಹೋಗಿತ್ತು.

‘ಸೌಂಡ್ ಜಾಸ್ತಿ ಮಾಡಿ’ ಎಂದವರು ಬಹಳ, ‘ಮಾತು ತಿಳಿಯಲಿಲ್ಲ’ ಎಂದವರು ಕೆಲವರು. ಬಹಳ ಸಲ ಇಬ್ಬರ ದೂರೂ ಒಂದೇ, ಮದ್ದು ಮಾತ್ರ ಮೊದಲನೆಯವರು ಹೇಳಿದ್ದಲ್ಲ. ಕ, ತ, ಸ, ಚ ಇಂಥ ಅಕ್ಷರಗಳ ಅಂಚು ಇರುವುದು 2000ದಿಂದ 4000 ಹರ್ಟ್ಸ್‌ ಆಸುಪಾಸಿನಲ್ಲಿ. ಡೋಲು, ಹಾರ್ಮೋನಿಯಂನ ಕೆಳದನಿ, ಮೈಕಿಗೆ ತುಟಿ ತಾಗಿಸಿ ಹಾಡಿದಾಗ ಉಬ್ಬುವ ಗುಮ್ಮೆನ್ನುವ ಶಬ್ದ, ಎಲ್ಲ ಕೆಳಗಿನ ಕಡೆಯವು. ಒಟ್ಟು ಏರಿಸಿದರೆ ಕೆಳಗಿನದೇ ಮೊದಲು ಉಬ್ಬಿ ಅಕ್ಷರವನ್ನು ಮುಚ್ಚುತ್ತದೆ. ಗಾಯಕರ ಮೈಕಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ತಾಳವಾದ್ಯವನ್ನು ಸ್ವಲ್ಪ ತಗ್ಗಿಸಿದರೆ ಶಬ್ದ ಏರಿಸದೆಯೇ ಮಾತು ಮೇಲೇಳುತ್ತದೆ. ಪದವೆಂದರೆ ಮಾತು ತಾನೆ. ‘ಹ’ಕಾರ ಮಾತ್ರ ಯಾವ ಮಿಕ್ಸರಿನಿಂದಲೂ ಬರುವುದಿಲ್ಲ; ನಮ್ಮ ಕಡೆ ‘ಹಾಡು’ ಮೊದಲಿಂದಲೂ ‘ಆಡು’, ಅದನ್ನು ಹಾಗೇ ಬಿಟ್ಟಿದ್ದೇವೆ.

ಸೋಬಾನೆಯ ಸಂಜೆಗಳ ಬಗ್ಗೆ ಬಂದ ಪತ್ರಗಳನ್ನು ಬೇರೆಯಾಗಿ ಕಟ್ಟಿಟ್ಟಿದ್ದೇವೆ. ಹಾಡುವ ಅಮ್ಮಂದಿರು ಇಬ್ಬರಿಬ್ಬರಾಗಿ ನಿಲ್ಲುತ್ತಾರೆ: ಒಂದು ಜೋಡಿ ಸಾಲು ಎತ್ತಿದರೆ ಇನ್ನೊಂದು ಜೋಡಿ ಅದನ್ನು ಹಿಡಿದು ತಿರುಗಿ ಹಾಡುತ್ತದೆ. ನಾಲ್ವರಿಗೆ ನಾಲ್ಕು ಮೈಕ್ ಕೊಟ್ಟರೆ ಮರ್ಯಾದೆ ಅನ್ನಿಸಬಹುದು, ಶಬ್ದ ಮಾತ್ರ ಡಬ್ಬದೊಳಗಿಂದ ಬಂದ ಹಾಗಿರುತ್ತದೆ, ಯಾಕೆಂದರೆ ಒಬ್ಬರ ದನಿ ನಾಲ್ಕೂ ಮೈಕಿಗೆ ಚೂರುಚೂರು ಹೊತ್ತಿನ ಅಂತರದಲ್ಲಿ ಬೀಳುತ್ತದೆ. ಒಂದು ಗೇಣಿಗೆ ಮೂರು ಗೇಣು ಎನ್ನುವುದು ಲೆಕ್ಕ: ಬಾಯಿಗೂ ಮೈಕಿಗೂ ಒಂದು ಗೇಣಿದ್ದರೆ ಪಕ್ಕದ ಮೈಕ್ ಮೂರು ಗೇಣು ಆಚೆಗಿರಬೇಕು. ಜೋಡಿಗೊಂದರಂತೆ ಎರಡೇ ಮೈಕ್ ಸಾಕು. ಅವರು ಕೈಯಲ್ಲಿ ಹಿಡಿಯದಿರುವುದೂ ಒಳ್ಳೆಯದೇ. ಹಿಡಿದವರು ಸಂಕೋಚಕ್ಕೆ ಜಾಲರಿಯ ಮೇಲೆಯೇ ಕೈ ಮುಚ್ಚುತ್ತಾರೆ. ಆಗ ಮುಂದಿನ ದನಿಯನ್ನಷ್ಟೇ ಹಿಡಿಯಬೇಕಾದ ಮೈಕ್ ಸುತ್ತಲಿನದನ್ನೆಲ್ಲ ಹಿಡಿದು ಕುಂಯ್ ಅನ್ನುತ್ತದೆ.

ಆ ಪತ್ರಗಳಲ್ಲಿ ಒಂದು ನಮ್ಮ ತಪ್ಪನ್ನು ನೇರ ಹೇಳಿತ್ತು. ಹೆಣ್ಣು ಒಪ್ಪಿಸುವ ಹಾಡನ್ನು ಮೊದಲಿಗಿಟ್ಟು, ಹಸೆಗೆ ಕರೆಯುವ ಹಾಡನ್ನು ಕೊನೆಗೆ ಹಾಕಿದ್ದೆವು, ಯಾವುದು ಹೆಚ್ಚು ಇಂಪು ಅಂತ ನೋಡಿ. ‘ಹಸೆಗೇ ಕೂರದ ಮಗಳನ್ನು ಒಪ್ಪಿಸಿಬಿಟ್ಟಿರಲ್ಲ’ ಅಂತ ಅರಕಲಗೂಡು ಕಡೆಯ ಅಮ್ಮ ಒಬ್ಬರು ಬರೆಸಿ ಕಳಿಸಿದರು. ಅಲ್ಲಿಂದ ಮುಂದೆ ಹಾಡಿನ ಪಟ್ಟಿ ಶಾಸ್ತ್ರದ ಕ್ರಮದಲ್ಲೇ ಹೋಗುತ್ತಿದೆ: ಎಣ್ಣೆ ಅರಿಶಿನ, ಹಸೆ, ಧಾರೆ, ಒಪ್ಪಿಸುವುದು. ತವರಿನಲ್ಲಿ ಅದೇ ಹಾಡಿನ ಸಾಲು ಬೇರೆ ಥರ ಇತ್ತೆಂದು ಬರೆದವರ ಪಾಠವನ್ನೂ ಊರಿನ ಹೆಸರಿನ ಜೊತೆ ಪುಸ್ತಕದಲ್ಲಿ ಇಳಿಸಿಕೊಂಡಿದ್ದೇವೆ. ಯಾವುದು ಸರಿ ಅಂತ ತೀರ್ಪು ಕೊಡಲು ಹೋಗಿಲ್ಲ.

ಇನ್ನು ಅಂಕಿತದ ವಿಷಯ. ಇದರಲ್ಲಿ ಕೇಳುಗರ ಋಣ ಎಲ್ಲಕ್ಕಿಂತ ದೊಡ್ಡದು. ತಾನೇ ಬರೆದು ತಾನೇ ಹಾಡುವುದು ಗಿಟಾರಿನ ಜೊತೆ ಬಂದ ಹೊಸ ಸಂಗತಿಯೇನಲ್ಲ. ತತ್ವಪದಕಾರರು ತಂಬೂರಿ ಹಿಡಿದು ಮಾಡಿದ್ದೂ ಅದನ್ನೇ. ಬರೆದವರ ಗುರುತು ಕೊನೆಯ ನುಡಿಯಲ್ಲಿ ಅಂಕಿತವಾಗಿ ಕೂತಿರುತ್ತದೆ. 1819ರಿಂದ 1889ರವರೆಗೆ ಬಾಳಿದ ಶಿಶುನಾಳ ಶರೀಫರ ಪದಗಳಲ್ಲಿ ‘ಶಿಶುನಾಳಧೀಶ’ ಬರುವುದು ಹೀಗೆ. ಹೊತ್ತು ಮೀರಿತೆಂದು ಕಾರ್ಯಕ್ರಮದಲ್ಲಿ ಮೊದಲು ಕತ್ತರಿ ಬೀಳುವುದು ಆ ಕೊನೆಯ ನುಡಿಗೇ. ಎರಡು ನುಡಿ ಹಾಡಿ ಪಲ್ಲವಿಗೆ ಬಂದು ಮುಗಿಸಿದರೆ ಚಪ್ಪಾಳೆಗೇನೂ ಕೊರತೆಯಿಲ್ಲ, ಆದರೆ ಕವಿ ಅಲ್ಲೇ ಕಳೆದುಹೋದ. ಮುಂದಿನ ಸಲ ನಿರೂಪಕರು ಅದನ್ನು ‘ಒಂದು ಸುಂದರ ಜನಪದ ಗೀತೆ’ ಅನ್ನುತ್ತಾರೆ. ಇದನ್ನು ಹಿಡಿದು ಬರೆದವರು ಒಬ್ಬಿಬ್ಬರಲ್ಲ. ಈಗ ಹಾಡುವವರ ಹತ್ತಿರ ಒಂದೇ ಬೇಡಿಕೆ: ನುಡಿ ಬಿಡಲೇಬೇಕಾದರೆ ನಡುವಿನದು ಬಿಡಿ, ಅಂಕಿತದ್ದು ಹಾಡಿ.

ಧಾಟಿಯ ಕತೆಯೂ ಹೀಗೇ. ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್ ಶರೀಫರ ಎಷ್ಟೋ ಪದಗಳಿಗೆ ರಾಗ ಹಾಕಿದರು. ಅವು ಎಷ್ಟು ಮನೆಮಾತಾದವೆಂದರೆ ಅದೇ ಹಳೆಯ ಧಾಟಿ ಅಂತ ನಂಬಿದವರಿದ್ದಾರೆ. ಶರೀಫರ ಪದ ಯಾರ ಹಂಗಿಲ್ಲದೆ ಹಾಡಬಹುದಾದದ್ದು. ಆದರೆ ರಾಗ ಸಂಯೋಜನೆಯ ಹಕ್ಕು ನಮ್ಮ ಕಾಯಿದೆಯಲ್ಲಿ ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಅಶ್ವಥ್ ಅವರು ಹೋದದ್ದು 2009ರಲ್ಲಿ. ಪದ ಯಾರದು, ಧಾಟಿ ಯಾರದು ಎಂದು ಎರಡನ್ನೂ ಹೇಳುವ ಪದ್ಧತಿ ನಮ್ಮಲ್ಲಿ ಬಂದದ್ದು ‘ರಾಗ ಯಾರದು ಹೇಳಲಿಲ್ಲ’ ಎಂಬ ಒಂದು ಸಾಲಿನ ಪತ್ರದಿಂದ. ಹೊಸದಾಗಿ ಬರೆದು ಹಾಡುವವರಿಗೂ ಇದು ಒಳ್ಳೆಯದೇ ಆಯಿತು, ಅವರ ಹೆಸರೂ ಪದದ ಜೊತೆಗೇ ಹೋಗುತ್ತಿದೆ.

ವಾದ್ಯಗಳ ಮಾತಿಗೆ ಬಂದರೆ, ಮಲೆನಾಡಿನ ತೇವ ಯಾರ ಮಾತನ್ನೂ ಕೇಳುವುದಿಲ್ಲ. ಮಳೆಗಾಲದಲ್ಲಿ ದಮಡಿ, ತಮಟೆಯ ಚರ್ಮ ನೀರು ಕುಡಿದು ಸಡಿಲವಾಗುತ್ತದೆ, ಪೆಟ್ಟು ಸತ್ತ ಹಾಗೆ ಬೀಳುತ್ತದೆ. ಬಯಲಾದರೆ ಹುಲ್ಲಿನ ಬೆಂಕಿಗೆ ಹಿಡಿಯಬಹುದು. ಸಭಾಂಗಣದೊಳಗೆ ಬೆಂಕಿ ಹಾಕುವಂತಿಲ್ಲ, ಹಾಗಾಗಿ ಹೊರಗೆ ಕೆಂಡದ ಬಾಣಲೆ ಇಟ್ಟು, ಮೊಳ ದೂರದಿಂದ ತಿರುಗಿಸುತ್ತಾ ಕಾಯಿಸಬೇಕು. ಅವಸರಕ್ಕೆ ಹತ್ತಿರ ಹಿಡಿದರೆ ಅಂಚಿನಲ್ಲಿ ಸೀಳು ಬಿಡುತ್ತದೆ. ಒಮ್ಮೆ ಕಾಯಿಸಿದ್ದು ಎರಡು ಮೂರು ಪದಕ್ಕೆ ಮತ್ತೆ ಇಳಿಯುವುದರಿಂದ ಎರಡು ದಮಡಿ ಇಟ್ಟುಕೊಂಡು ಒಂದು ಕೈಯಲ್ಲಿ, ಒಂದು ಕೆಂಡದ ಬಳಿ. ಗಿಟಾರಿನದು ಬೇರೆ ಚಾಳಿ: ವೇದಿಕೆಯ ದೀಪದ ಬಿಸಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ದೀಪ ಹಾಕಿ ಅರ್ಧ ಗಂಟೆ ಬಿಟ್ಟು ಶ್ರುತಿ ಮಾಡಿಕೊಳ್ಳಬೇಕು. ಹಾರ್ಮೋನಿಯಂ ಅಷ್ಟು ಸುಲಭಕ್ಕೆ ಜಗ್ಗದು; ಅದರ ಶ್ರುತಿಯ ಮನೆ ಬಿಳಿ ಐದೋ ಕಪ್ಪು ಒಂದೋ, ಉಳಿದವರೆಲ್ಲ ಅದಕ್ಕೇ ಬರಬೇಕು. ಶೀಟಿನ ಛಾವಣಿಯ ಮೇಲೆ ಮಳೆ ಬಿದ್ದಾಗ ಮಾತ್ರ ಯಾವ ಉಪಾಯವೂ ನಡೆಯದು. ಪದ ನಿಲ್ಲಿಸಿ, ಕಾಫಿ ಕೊಟ್ಟು, ಕಾಯುವುದು. ಹಾಗೆ ಕಾದ ಎಲ್ಲರಿಗೂ ನಮಸ್ಕಾರ.

ದಿನ ಗೊತ್ತುಮಾಡುವುದನ್ನು ಕಲಿಸಿದ್ದೂ ನೀವೇ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲು. ಕಣದ ತುಂಬ ಹಣ್ಣು, ಜನಕ್ಕೆ ಪುರುಸೊತ್ತಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಕಣ ಖಾಲಿ, ಆದರೆ ಕಾಫಿ ಹೂ ಅರಳಿಸುವ ಹೂಮಳೆಯ ಭಯ. ತೋಟದವರು ಆ ಮಳೆಗೆ ಕೈಮುಗಿಯುವಾಗ ನಾವು ಮಿಕ್ಸರಿಗೆ ಟಾರ್ಪಾಲು ಹೊದಿಸುತ್ತಿರುತ್ತೇವೆ. ಇನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ‘ಕೊನೆ ಬಸ್ಸಿಗೆ ಓಡುವ ಅವಸರದಲ್ಲಿ ಮಂಗಳದ ಪದ ಕೇಳಲಾಗಲಿಲ್ಲ’ ಎಂದು ಬರೆದವರು ಹೆಚ್ಚಾದ ಮೇಲೆ ಆರಕ್ಕೆ ಶುರು, ಎಂಟೂವರೆಗೆ ಮಂಗಳ ಎಂದು ಇಟ್ಟುಕೊಂಡೆವು. ಸನ್ಮಾನ, ಭಾಷಣ ಎರಡನ್ನೂ ತೆಗೆದದ್ದರಿಂದ ಉಳಿದ ಹೊತ್ತು ಅದು. ಕೆಲವರು ಮುನಿಸಿಕೊಂಡರು, ಕೊಳ್ಳಲಿ.

ಹಾಡಿದವರಿಗೆ ಎಷ್ಟು ಹೇಳಿದರೂ ಸಾಲದು. ಸಂಭಾವನೆ ವೇದಿಕೆ ಹತ್ತುವ ಮುಂಚೆಯೇ ಕೈ ಸೇರಬೇಕು, ಕುಡಿಯಲು ಬಿಸಿನೀರು ಇರಬೇಕು, ಊಟ ಹಾಡಿದ ಮೇಲೆ ಎನ್ನುವುದನ್ನು ಅವರಿಂದಲೇ ಕಲಿತೆವು. ಗುಂಯ್ ಶಬ್ದ ಬಂದಾಗಲೆಲ್ಲ ಪ್ಲಗ್ಗಿನ ಅರ್ಥ್ ಕಾಲು ಮುರಿಯಲು ಹೊರಟವರನ್ನು ತಡೆದು, ಗಿಟಾರನ್ನೂ ಮಿಕ್ಸರನ್ನೂ ಒಂದೇ ಪಾಯಿಂಟಿಗೆ ತಂದು, ಸೀರಿಯಲ್ ದೀಪವನ್ನು ಬೇರೆ ಫೇಸಿಗೆ ಹಾಕಿದ ಸೌಂಡಿನ ಅಣ್ಣನಿಗೆ, ಕಣ ಗುಡಿಸಿ ಕೊಟ್ಟ ತೋಟದವರಿಗೆ, ಫ್ಯಾನು ಆರಿಸಿದ್ದಕ್ಕೆ ಬೈಸಿಕೊಂಡ ಛತ್ರದ ಕಾವಲುಗಾರರಿಗೆ, ಬೇಲೂರು ರಸ್ತೆಯಲ್ಲಿ ಹಿರಿಯರನ್ನು ಮನೆಬಾಗಿಲಿಗೇ ಬಿಟ್ಟುಬಂದ ಆಟೋದವರಿಗೆ, ಕಾಫಿ ಕಾಸಿದ ಕೈಗಳಿಗೆ ಶರಣು.

ಇಪ್ಪತ್ತೈದನೇ ಸಂಜೆಯ ಬಗ್ಗೆ ಮೊದಲ ಪತ್ರ ನಿನ್ನೆಯೇ ಬಂತು. ‘ಎರಡನೇ ಸಾಲು, ಎಡಗಡೆ. ಕೊನೆಯ ಎರಡು ಪದಗಳಲ್ಲಿ ತಂಬೂರಿ ವಂವಂ ಅಂತ ಅಲೆಯುತ್ತಿತ್ತು.’ ತೆಗೆದು ನೋಡಿದೆವು. ನಾಲ್ಕರಲ್ಲಿ ನಡುವಿನ ಎರಡು ತಂತಿಗಳು ಒಂದೇ ಷಡ್ಜಕ್ಕೆ ನಿಲ್ಲಬೇಕು. ಒಂದು ಕೂದಲೆಳೆಯಷ್ಟು ಇಳಿದರೂ ಹಾಗೆ ಅಲೆಯುತ್ತದೆ. ಕಡೂರಿನ ಒಣಹವೆಗೆ ಮರ ಕುಗ್ಗಿ ಮೂರನೇ ತಂತಿಯ ಬಿರಡೆ ಜಾರಿತ್ತು. ಸೀಮೆಸುಣ್ಣ ಉಜ್ಜಿ ಒತ್ತಿ ಕೂರಿಸಿದ್ದೇವೆ.