ಮಗಳಿಗೊಂದು ಪತ್ರ: ವೇದಿಕೆಗೆ ಕರೆಯುವ ಮೊದಲು

ಸಿದ್ದಾಪುರ, ಕೊಡಗು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ಸುದ್ದಿ ಕೇಳಿ ನನಗೆ ಮಾತೇ ಹೊರಡಲಿಲ್ಲ. ಕಾಲೇಜಿನಲ್ಲಿ ಸಾಂಸ್ಕೃತಿಕ ಸ್ವಾತಂತ್ರ್ಯಕ್ಕೆ, ಸಮಾನತೆಗೆ ಅಂತಲೇ ಒಂದು ಕೇಂದ್ರ, ಅದನ್ನು ನಡೆಸುವವಳು ನೀನು. ಅಪ್ಪ ಇದ್ದಿದ್ದರೆ ಊರಿಗೆಲ್ಲ ಸಿಹಿ ಹಂಚುತ್ತಿದ್ದರು. ನನಗೆ ಮಾತ್ರ ರಾತ್ರಿಯಿಡೀ ಹಳೆಯದೊಂದು ನೆನಪಾಗುತ್ತಿತ್ತು. ಅದನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ.

ನಾನು ಟೀಚರ್ ಆಗಿ ಸೇರಿದ ಹೊಸತು. ಎರಡನೇ ಕ್ಲಾಸಿನಲ್ಲಿ ಎರವ ಬುಡಕಟ್ಟಿನ ಹುಡುಗಿಯೊಬ್ಬಳಿದ್ದಳು. ತೋಟದ ಕೂಲಿಯವರ ಲೈನ್‌ಮನೆಯಿಂದ ನಡೆದು ಬರುತ್ತಿದ್ದಳು. ಕಾಫಿ ಕೊಯ್ಲಿನ ದಿನಗಳಲ್ಲಿ ಅಮ್ಮನ ಜೊತೆ ಒಂದಿಷ್ಟು ಹಣ್ಣು ಕುಯ್ದೇ ಬರುತ್ತಿದ್ದಳು. ಬೆರಳಿಗೆಲ್ಲ ಅಂಟು, ತೊಳೆದರೂ ಹೋಗದ ಕಪ್ಪು. ಸ್ಲೇಟಿನ ಕಟ್ಟಿಗೂ ಅದೇ ಕಲೆ. ಒಂದು ದಿನ ಆನೆಯ ಚಿತ್ರ ತೋರಿಸಿ ಇದೇನು ಅಂತ ಕೇಳಿದೆ. ಅವಳಿಗೆ ಆನೆ ಗೊತ್ತಿಲ್ಲದೆ ಇರುತ್ತಾ? ಹಿಂದಿನ ರಾತ್ರಿಯಷ್ಟೇ ಲೈನ್ ಹತ್ತಿರ ಆನೆ ಬಂದಿತ್ತಂತೆ. ಎದ್ದು ನಿಂತು, ಕೈಯನ್ನೇ ಸೊಂಡಿಲು ಮಾಡಿ, ತನ್ನ ಮಾತಿನಲ್ಲಿ ಪೂರ್ತಿ ಕಥೆ ಶುರು ಮಾಡಿದಳು. "ಕನ್ನಡದಲ್ಲಿ ಹೇಳು" ಅಂದೆ. ಮಕ್ಕಳು ನಕ್ಕರು. ಕೈ ಹಾಗೇ ಕೆಳಗಿಳಿಯಿತು.

ಆ ವರ್ಷ ಅವಳು ಮತ್ತೆ ತಾನಾಗಿ ಬಾಯಿ ಬಿಡಲಿಲ್ಲ. ಆದರೆ ವಾರ್ಷಿಕೋತ್ಸವಕ್ಕೆ ಅವಳೇ ಬೇಕಾಯಿತು ನಮಗೆ. ಸೊಂಟಕ್ಕೆ ಸೊಪ್ಪು ಕಟ್ಟಿ ಕುಣಿಸಿದೆವು. ಅವರ ಮನೆಯಲ್ಲಿ ಯಾರೂ ಹಾಗೆ ಸೊಪ್ಪು ಕಟ್ಟಿಕೊಳ್ಳುತ್ತಿರಲಿಲ್ಲ, ಅದು ನಮ್ಮ ಕಲ್ಪನೆ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನಾಲ್ಕನೇ ಕ್ಲಾಸಿಗೆ ಅವಳು ಶಾಲೆ ಬಿಟ್ಟಳು. ಅವಳ ಬಾಯಿ ಮುಚ್ಚಿಸಿದವಳೂ ನಾನೇ, ವೇದಿಕೆ ಹತ್ತಿಸಿದವಳೂ ನಾನೇ, ಪುಟ್ಟಿ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಕೇಂದ್ರದ ಮೊದಲ ಕೆಲಸ ಒಂದು ಜಾನಪದ ಮೇಳ ಆಗದಿರಲಿ. ನಮ್ಮ ಜಿಲ್ಲೆ ಎಷ್ಟು ಚಿಕ್ಕದು, ಆದರೂ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಎರವರ ಮಾತು, ಜೇನುಕುರುಬರ ಮಾತು ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ. ಕೊಡವಕ್ಕೆ 1994ರಲ್ಲಿ ಅಕಾಡೆಮಿ ಬಂತು, ಅರೆಭಾಷೆಗೆ 2011ರಲ್ಲಿ. ಒಳ್ಳೆಯದೇ ಆಯಿತು, ಅದರ ಹಿಂದೆ ಕೇಳುವ ಜನರಿದ್ದರು. ಹಾಡಿಯಿಂದ, ಅಂದರೆ ಬುಡಕಟ್ಟಿನವರ ಕೇರಿಯಿಂದ, ಬಂದ ಮಕ್ಕಳ ಪರವಾಗಿ ಕಾಲೇಜಿನಲ್ಲಿ ಕೇಳುವವರು ಯಾರು? ತನ್ನದೇ ಭಾಷೆ, ಸಂಸ್ಕೃತಿ ಇರುವ ಜನಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ ಅಂತ ಸಂವಿಧಾನದ 29ನೇ ವಿಧಿ ಹೇಳುತ್ತದೆ. ಕಾಲೇಜಿನಲ್ಲಿ ತಾರತಮ್ಯದ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ಆದರೆ ಹೆದರಿದ ಹುಡುಗಿ ಅರ್ಜಿ ಬರೆಯುವುದಿಲ್ಲ. ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ಯಾರು ಒಬ್ಬರೇ ಕೂರುತ್ತಾರೆ, ನೀನೇ ಹೋಗಿ ನೋಡು.

ಸಭೆಗಳನ್ನು ಸಂಜೆ ಇಡಬೇಡ. ಇದು ಸಣ್ಣ ವಿಷಯ ಅಲ್ಲ. ಕತ್ತಲಾದ ಮೇಲೆ ಆನೆ ದಾಟುವ ದಾರಿಯಲ್ಲಿ ನಡೆದು ಹೋಗಬೇಕಾದವರು ನಾಲ್ಕು ಗಂಟೆ ಬಸ್ಸಿಗೇ ಹೊರಡುತ್ತಾರೆ. ಆಮೇಲೆ ಉಳಿಯುವವರು ಪೇಟೆಯ ಮಕ್ಕಳು, ಕಾರಿದ್ದವರು. ತೀರ್ಮಾನವೆಲ್ಲ ಅವರದ್ದೇ ಆಗುತ್ತದೆ.

ದೇವರಪುರದ ಕುಂಡೆ ಹಬ್ಬ ನೆನಪಿದೆಯಲ್ವಾ? ಮೇ ತಿಂಗಳಲ್ಲಿ ಹಾಡಿಯ ಜನ ವೇಷ ಹಾಕಿ, ಸೋರೆಬುರುಡೆ, ಡಬ್ಬ ಬಡಿಯುತ್ತಾ ದೇವರನ್ನೂ ಬಿಡದೆ ಬೈಯುತ್ತಾರೆ. ಎದುರಿಗೆ ಸಾಹುಕಾರರು ಸಿಕ್ಕರೂ ಅಷ್ಟೇ. ವರ್ಷಕ್ಕೊಮ್ಮೆ ಸಿಗುವ ಸಲಿಗೆ ಅದು. ನಿನ್ನ ಕೋಣೆಯಲ್ಲಿ ಆ ಸಲಿಗೆ ಸೋಮವಾರವೂ ಇರಲಿ, ಮಂಗಳವಾರವೂ ಇರಲಿ. ನಿನ್ನನ್ನೇ ಬೈದರೂ ಕೇಳಿಸಿಕೋ.

ಹಾಡು, ಕುಣಿತ ಬೇಡ ಅಂತ ಅಲ್ಲ. ಅವರಾಗಿ ತಂದರೆ ದುಡಿಯ ಸದ್ದಿಗೆ ನಾನೂ ಬಂದು ಮುಂದೆ ಕೂರುತ್ತೇನೆ. "ನಮಗೆ ಇಷ್ಟ ಇಲ್ಲ, ನಾವು ಕ್ರಿಕೆಟ್ ಆಡುತ್ತೇವೆ" ಅಂದರೆ ಅದಕ್ಕೂ ಒಪ್ಪು.

ಇನ್ನೊಂದು ಮಾತು. ಆ ಹುಡುಗಿಯ ಮಗಳು ಈ ವರ್ಷ ಪಿಯುಸಿ ಮುಗಿಸಿದಳು. ನಿನ್ನ ಕಾಲೇಜಿಗೇ ಅರ್ಜಿ ಹಾಕಿದ್ದಾಳಂತೆ, ಮೊನ್ನೆ ಸಂತೆಯಲ್ಲಿ ಅವಳ ಅಮ್ಮ ಸಿಕ್ಕಿ ಹೇಳಿದಳು. ಹೆಸರು ನಾನು ಬರೆಯುವುದಿಲ್ಲ. ನೀನು ಹುಡುಕಲೂ ಬೇಡ. ನಿನ್ನ ಕೋಣೆಯ ಬಾಗಿಲು ಮಾತ್ರ ಮಧ್ಯಾಹ್ನ ಊಟದ ಹೊತ್ತಿಗೆ ತೆರೆದಿರಲಿ.

ನಿನ್ನ ಅಮ್ಮ